ಗಂಟೆ ಮೇಡಂ ಮಾತು ಬಿಟ್ಟಿದ್ದಾರೆ

ಹೊಸ ಕೋಚ್ ಬಂದ ದಿನ ಗೇಟಿನ ಬಳಿ ಅವನಿಗೆ ಮೊದಲು ಎದುರಾದದ್ದು ಅವಳೇ. ಅವನ ಹೆಗಲಿಗೆ ಕಿಟ್ ಬ್ಯಾಗು, ಕೈಯಲ್ಲಿ ಸೂಟ್‌ಕೇಸು, ಮುಖದ ತುಂಬ ನಗು.

"ನಮಸ್ಕಾರ ಮೇಡಂ, ಆಫೀಸ್ ಎಲ್ಲಿ?"

ಅವಳು ಬೆರಳು ತೋರಿಸಿದಳು.

"ಸೆಕ್ರೆಟರಿ ಬಂದಿದ್ದಾರಾ?"

ಹೌದೆಂದು ತಲೆಯಾಡಿಸಿದಳು.

"ನೀವು ಇಲ್ಲಿ ತುಂಬ ವರ್ಷದಿಂದ ಇದ್ದೀರಾ? ಊಟಕ್ಕೆಲ್ಲ ಹೇಗೆ ಇಲ್ಲಿ? ಮಕ್ಕಳು ಹೇಗೆ, ಹೇಳಿದ ಮಾತು ಕೇಳ್ತಾರಾ?"

ಇಷ್ಟಕ್ಕೆಲ್ಲ ಒಂದು ತಲೆ ಸಾಲದು. ಅವಳು ನೆಲದ ಮೇಲಿದ್ದ ಪ್ಲಾಸ್ಟಿಕ್ ಕೋನ್‌ಗಳನ್ನು ಎತ್ತಿ ಎದೆಗವಚಿಕೊಂಡು ಮೈದಾನದ ಕಡೆ ನಡೆದುಬಿಟ್ಟಳು. ಅವನು ಪೆಚ್ಚಾಗಿ, ಅತ್ತ ಹೋಗುತ್ತಿದ್ದ ಹುಡುಗಿಯೊಬ್ಬಳನ್ನು ಕೇಳಿದ್ದು ಅವಳ ಕಿವಿಗೂ ಬಿತ್ತು.

"ಏನಮ್ಮಾ, ನಿಮ್ಮ ಮೇಡಂಗೆ ನನ್ನ ಮೇಲೇನು ಕೋಪ?"

"ಕೋಪ ಇಲ್ಲ ಸರ್. ಗಂಟೆ ಮೇಡಂ ಮಾತು ಬಿಟ್ಟಿದ್ದಾರೆ."

"ಯಾರ ಜೊತೆ?"

"ಎಲ್ಲರ ಜೊತೆ."

ಅವಳಿಗೆ ನಗು ಬಂತು. ನಗುವುದಕ್ಕೂ ಗಂಟಲು ಬೇಕಲ್ಲ, ನುಂಗಿಕೊಂಡಳು.

ಗಂಟೆ ಮೇಡಂ ಎಂಬುದು ಮಕ್ಕಳು ಇಟ್ಟ ಹೆಸರು. ಜಿಲ್ಲಾ ಕ್ರಿಕೆಟ್ ತರಬೇತಿ ಕೇಂದ್ರದ ಬಲೆ ಕಟ್ಟಿದ ನೆಟ್ಸ್‌ನಲ್ಲಿ ನಿಂತು ಅವಳು "ಮೊಣಕೈ ಮೇಲೆ!" ಎಂದರೆ ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರೂ ಕೈ ಎತ್ತುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ಶಾಲೆಯಿಂದ ಶಾಲೆಗೆ ಅಲೆದು, ಅಪ್ಪ ಅಮ್ಮಂದಿರ ಕೈಕಾಲು ಹಿಡಿದು, ಹುಡುಗಿಯರದೊಂದು ಬ್ಯಾಚು ಕಟ್ಟಿದವಳು ಅವಳು. ಕಟ್ಟಿದ್ದೆಲ್ಲ ಆ ದನಿಯಿಂದಲೇ. ಅಂಥ ಗಂಟೆ ಮೇಡಂ ಗಂಟಲಲ್ಲಿ ಈಗ ಗಂಟು.

"ಕೂಗೋದಿರಲಿ, ಪಿಸುಗುಟ್ಟೋ ಹಾಗೂ ಇಲ್ಲ. ಮತ್ತೆ ನಾನು ನೋಡೋ ತನಕ ಬಾಯಿಗೆ ಬೀಗ," ಎಂದಿದ್ದರು ಡಾಕ್ಟರು. ಆಮೇಲೆ ಬಲು ಕಾಳಜಿಯಿಂದ, "ಮನೇಲೂ ಅಷ್ಟೇ. ಮನೆಯವರ ಜೊತೆ ಹರಟೆ ಸ್ವಲ್ಪ ಕಮ್ಮಿ ಮಾಡಿ," ಎಂದೂ ಸೇರಿಸಿದ್ದರು.

ಅವಳು ತಲೆಯಾಡಿಸಿ ಬಂದಿದ್ದಳು. ಇಸ್ತ್ರಿ ಅಂಗಡಿಯ ಮೇಲಿನ ತನ್ನ ಒಂಟಿ ಕೋಣೆಯ ಬಾಗಿಲು ತೆರೆದು, ಬ್ಯಾಗು ಕೆಳಗಿಟ್ಟು, ದೀಪ ಹಾಕಿದಾಗಲೇ ಅವಳಿಗೆ ಹೊಳೆದದ್ದು: ಇಲ್ಲಿ ಕಮ್ಮಿ ಮಾಡುವುದಕ್ಕೆ ಏನೂ ಇಲ್ಲ. ಎಷ್ಟೋ ವರ್ಷಗಳಿಂದ ಈ ನಾಲ್ಕು ಗೋಡೆಗಳ ನಡುವೆ ಅವಳು ಡಾಕ್ಟರ ಮಾತನ್ನು ತಪ್ಪದೆ ಪಾಲಿಸುತ್ತಲೇ ಬಂದಿದ್ದಳು. ಅವತ್ತು ಅವಳಿಗೆ ಅನ್ನ ಸೇರಲಿಲ್ಲ.

ಸಂಜೆ ಅಕ್ಕನ ಫೋನು ಬರುತ್ತಿತ್ತು. ಹೌದಾದರೆ ಫೋನಿನ ಮೇಲೆ ಉಗುರಿನಿಂದ ಒಂದು ಟಕ್, ಇಲ್ಲವಾದರೆ ಎರಡು ಎಂದು ಅಕ್ಕನೇ ಗೊತ್ತು ಮಾಡಿದ್ದಳು.

"ಊಟ ಆಯ್ತೇನೇ?"

ಟಕ್.

"ಸುಳ್ಳು ಹೇಳ್ಬೇಡ."

ಟಕ್ ಟಕ್.

"ಮದುವೆ ಮಾಡ್ಕೋ ಅಂದಾಗ್ಲೂ ಹೀಗೇ ಬಾಯಿ ಮುಚ್ಕೊಂಡಿರ್ತಿದ್ದೆ. ಈಗೊಂದು ನೆಪ ಬೇರೆ ಸಿಕ್ತು ನಿಂಗೆ."



*

ಹೊಸ ಕೋಚಿಗೆ ಹುಡುಗಿಯರು ವಾರದೊಳಗೆ ರೇಡಿಯೋ ಸರ್ ಎಂದು ಹೆಸರಿಟ್ಟರು. ಬಾಯಿ ನಿಲ್ಲದ ಮನುಷ್ಯ. ಚೆಂಡಿನ ಜೊತೆ, ಸ್ಟಂಪಿನ ಜೊತೆ, ಬಿಚ್ಚಿಹೋದ ಶೂ ಲೇಸಿನ ಜೊತೆಗೂ ಮಾತಾಡುತ್ತಿದ್ದ. ಅವಳ ಹುಬ್ಬು ಮೇಲೇರಿದ್ದು ನೋಡಿ, "ಒಬ್ಬನೇ ಇರೋನು ಮೇಡಂ. ರೂಮಲ್ಲಿ ಫ್ಯಾನ್ ಜೊತೇನೂ ಮಾತಾಡ್ತೀನಿ. ಅದೊಂದೇ ನನ್ನ ಮಾತಿಗೆ ತಲೆಯಾಡಿಸೋದು," ಎಂದ. ನಗುತ್ತಲೇ ಹೇಳಿದ. ಆದರೆ ಆ ನಗು ಕಣ್ಣಿನವರೆಗೆ ಹೋಗಲಿಲ್ಲ, ಅವಳು ಗಮನಿಸಿದಳು. ತನ್ನ ಕೋಣೆಯಲ್ಲಿ ಒಬ್ಬಂಟಿತನ ಬಾಯಿ ಮುಚ್ಚಿ ಕೂತಿದ್ದರೆ ಇವನ ಕೋಣೆಯಲ್ಲಿ ಅದು ಬಾಯಿ ಬಿಟ್ಟುಕೊಂಡು ಓಡಾಡುತ್ತಿದೆ, ಇಷ್ಟೇ ವ್ಯತ್ಯಾಸ ಅನಿಸಿತು.

ಸೆಕ್ರೆಟರಿ ಇಬ್ಬರನ್ನೂ ಒಂದೇ ಬ್ಯಾಚಿಗೆ ಹಾಕಿದರು. ಅವಳು ನೋಡಿ ಸನ್ನೆ ಮಾಡಬೇಕು, ಅವನು ಅದನ್ನು ಕೂಗಿ ಹೇಳಬೇಕು.

ಮೊದಲ ದಿನವೇ ಎಡವಟ್ಟಾಯಿತು. ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡು ಬ್ಯಾಟ್ ಬೀಸಿದ್ದನ್ನು ಕಂಡು ಅವಳು ಹಣೆ ಚಚ್ಚಿಕೊಂಡಳು.

"ತಲೆ! ಮೇಡಂ ತಲೆ ಅಂತಿದ್ದಾರೆ! ತಲೆ ಅಲ್ಲಾಡಿಸ್ಬೇಡ, ಹಾಗೇ ಗಟ್ಟಿಯಾಗಿ ಇಟ್ಕೋ!" ಎಂದು ಅವನು ಕೂಗಿದ.

ಹುಡುಗಿ ತಲೆ ಗಟ್ಟಿಯಾಗಿಟ್ಟಳು. ಮುಂದಿನ ಚೆಂಡು ಬ್ಯಾಟಿನ ನಟ್ಟನಡುವೆ ಬಿದ್ದು ಬಲೆಯ ಕೊನೆಗೆ ಹೋಗಿ ಬಡಿಯಿತು.

ಅವಳು ಫೋನಿನಲ್ಲಿ ಬರೆದು ತೋರಿಸಿದಳು: 'ನಾನಂದಿದ್ದು ತಲೆ ಅಲ್ಲ. ನನ್ನ ಹಣೆಬರಹ ಅಂದೆ.'

ಅವನು ಓದಿ, ಬಲೆಯ ಕಂಬ ಹಿಡಿದುಕೊಂಡು ನಕ್ಕ. ಅವನು ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗುತ್ತಿತ್ತು. ಬೇಡಬೇಡವೆಂದರೂ ಅವಳ ನೋಟ ಅಲ್ಲೇ ಸಿಕ್ಕಿಕೊಂಡಿತು. ನಗು ನಿಂತ ಮೇಲೂ ಅವನು ನೋಡುತ್ತಲೇ ಇದ್ದ. ಅವಳು ಅವಸರದಿಂದ ಕೋನ್‌ಗಳನ್ನು ಎಣಿಸತೊಡಗಿದಳು, ಎಣಿಸಿದ್ದನ್ನೇ ಮತ್ತೆ ಎಣಿಸಿದಳು.

ದಿನ ಕಳೆದಂತೆ ಅವನು ಅವಳ ಕೈಗಳನ್ನು ಓದುವುದು ಕಲಿತ. ಅಂಗೈ ಕೆಳಗೆ ತಟ್ಟಿದರೆ ಮೊಣಕಾಲು ಬಗ್ಗಿಸು. ಎರಡು ಬೆರಳು ಕಣ್ಣಿಗೆ ಹೋದರೆ ಚೆಂಡನ್ನು ಕೊನೆಯವರೆಗೆ ನೋಡು. ಓದಲು ಕಲಿತವನು ಸೇರಿಸಿ ಹೇಳುವುದನ್ನೂ ಕಲಿತ.

"ಮೇಡಂ ಹೇಳ್ತಿದ್ದಾರೆ, ಎಲ್ಲರೂ ಎರಡು ಸುತ್ತು ಓಡಿ. ಇನ್ನೂ ಹೇಳ್ತಿದ್ದಾರೆ, ಈ ಸರ್ ಇವತ್ತು ಹಾಕ್ಕೊಂಡಿರೋ ಶರ್ಟು ತುಂಬ ಚೆನ್ನಾಗಿದೆ ಅಂತ."

ಹುಡುಗಿಯರು ಕಿಸಕ್ಕೆಂದರು. ಅವಳು ಒಂದು ಕೋನ್ ತೆಗೆದು ಅವನ ಬೆನ್ನಿಗೆಸೆದಳು.

"ಇದಕ್ಕೆ ಅರ್ಥ, ಹೌದು ಅಂತ."

ಆ ಸಂಜೆ ಅಕ್ಕ ಕೇಳಿದಳು, "ಏನೇ, ನಿನ್ನ ಟಕ್ ಇವತ್ತು ಭಾರೀ ಜೋರಾಗಿದೆ. ನೀನು ಮೆಸೇಜಲ್ಲಿ ಬರೆದಿದ್ಯಲ್ಲ, ಆ ಹೊಸ ಸರ್ ಒಳ್ಳೆಯವರಾ?"

ಅವಳು ತುಸು ತಡೆದು ಒಂದು ಟಕ್ ಮಾಡಿದಳು. ತುಂಬ ಮೆಲ್ಲಗೆ.

*

ಆಫೀಸಿನ ಬಾಗಿಲು ಅರೆ ತೆರೆದಿತ್ತು. ಕೀಲಿಕೈ ಇಡಲು ಬಂದವಳಿಗೆ ಸೆಕ್ರೆಟರಿಯ ದನಿ ಕೇಳಿಸಿತು.

"ಬೇಸಿಗೆ ಕ್ಯಾಂಪ್‌ನಿಂದ ಹುಡುಗಿಯರ ಬ್ಯಾಚು ಪೂರ್ತಿ ನಿಮಗೇ. ಮೇಡಂಗೆ ಆಫೀಸಲ್ಲಿ ಟೇಬಲ್ ಹಾಕಿಸ್ತೀನಿ. ದನಿ ಇಲ್ದೆ ಕೋಚಿಂಗ್ ಹೇಗೆ ಆಗುತ್ತೆ, ನೀವೇ ಹೇಳಿ."

"ಆಯ್ತು ಸರ್," ಎಂದ ಅವನು.

ಅವಳು ಕೀಲಿಕೈಯನ್ನು ಕಿಟಕಿಯ ಅಂಚಿನ ಮೇಲಿಟ್ಟು ಹೊರಟುಬಂದಳು. ಬ್ಯಾಚು ಹೋದರೆ ಅವಳಿಗೆ ಇನ್ನೇನೂ ಉಳಿಯುತ್ತಿರಲಿಲ್ಲ. ಅವಳ ಬದುಕಿನಲ್ಲಿ ಜನರಿದ್ದದ್ದೇ ಆ ಮೈದಾನದಲ್ಲಿ.

ಮಾತೇ ಆಡದವಳು ಮಾತು ಬಿಡುವುದು ಹೇಗೆ? ಮರುದಿನ ಅವಳು ಟ್ರ್ಯಾಕ್‌ಸೂಟಿನ ಜೇಬುಗಳಿಗೆ ಎರಡೂ ಕೈ ಇಳಿಸಿದಳು. ಅವನು ಅವಳ ಕಡೆ ತಿರುಗಿದಾಗಲೆಲ್ಲ ಕೈಗಳು ಒಳಗಿದ್ದವು. ಹುಡುಗಿಯರ ಹತ್ತಿರ ಹೋಗಿ ಮೊಣಕೈ ಹಿಡಿದು ತಿದ್ದಿದಳು, ಮತ್ತೆ ಜೇಬಿಗೆ. ಎರಡು ದಿನ ಅವನ ಮುಖವನ್ನೇ ನೋಡಲಿಲ್ಲ.

ಮೂರನೆಯ ದಿನ ಅವನು ನೇರವಾಗಿ ಬಂದು ಎದುರಿಗೆ ನಿಂತ.

"ಇಷ್ಟು ದಿನ ನೀವು ಬರೀ ಮಾತಾಡ್ತಿರ್ಲಿಲ್ಲ. ಈಗ ನನ್ನ ಜೊತೆ ಮಾತು ಬಿಟ್ಟಿದ್ದೀರ. ಎರಡಕ್ಕೂ ಇರೋ ವ್ಯತ್ಯಾಸ ನಂಗೆ ಗೊತ್ತಾಗುತ್ತೆ ಮೇಡಂ. ಏನಾಯ್ತು, ಅಷ್ಟು ಹೇಳಿ."

ಅವಳು ಫೋನು ತೆಗೆದಳು. 'ನನ್ನ ಬ್ಯಾಚಿಗೆ ಆಯ್ತು ಸರ್ ಅಂದ್ರಲ್ಲ.'

ಅವನ ಮುಖ ಸಣ್ಣದಾಯಿತು. ಅಲ್ಲ, ಹಾಗಲ್ಲ, ನೀವು ಪೂರ್ತಿ ಕೇಳಿಸಿಕೊಂಡಿಲ್ಲ ಎಂದೆಲ್ಲ ಅನ್ನಬಹುದು ಎಂದು ಅವಳು ಕಾದಳು. ಅವನು ಹಾಗೇನೂ ಅನ್ನಲಿಲ್ಲ.

"ಅಂದೆ. ಹೊಸದಾಗಿ ಸೇರಿದ ಕೆಲಸ, ಎದುರು ಮಾತಾಡೋಕೆ ಧೈರ್ಯ ಬರ್ಲಿಲ್ಲ. ಊರೆಲ್ಲ ಹರಟೋ ಬಾಯಿ, ಬೇಕಾದಾಗ ಬಿದ್ದುಹೋಯ್ತು. ತಪ್ಪು ನಂದೇ. ಭಾನುವಾರದ ಮ್ಯಾಚಿಗೆ ಸೆಕ್ರೆಟರೀನ ಕರೀತೀನಿ. ಅವರ ಪಕ್ಕ ಕೂತ್ಕೊಂಡು ತುಟಿ ಎರಡು ಮಾಡಲ್ಲ. ದನಿ ಇಲ್ದೆ ಕೋಚಿಂಗ್ ಹೇಗೆ ಆಗುತ್ತೆ ಅಂತ ಅವರೇ ನೋಡ್ಲಿ. ನೀವು ಕೈ ಹೊರಗೆ ತೆಗೀರಿ, ಸಾಕು," ಎಂದ.

ಭಾನುವಾರ ಅವಳು ಬೌಂಡರಿ ಗೆರೆಯಾಚೆ ನಿಂತಳು. ಜೇಬಿನಿಂದ ಕೈ ತೆಗೆದು ಮೇಲೆತ್ತಿದಳು. ದಿನವೂ ಸನ್ನೆ ನೋಡಿ ಅವನ ಕೂಗು ಕೇಳಿದ ಹುಡುಗಿಯರಿಗೆ ಈಗ ಕೂಗು ಬೇಕಿರಲಿಲ್ಲ. ಅಂಗೈ ತಟ್ಟಿದರೆ ಮೊಣಕಾಲು ಬಗ್ಗಿದವು, ಬೆರಳು ಸರಿದರೆ ಫೀಲ್ಡರುಗಳು ಸರಿದರು. ಎದುರು ತಂಡದ ಕೋಚ್ ಗಂಟಲು ಹರಿದುಕೊಳ್ಳುತ್ತಿದ್ದ. ಇವರ ಕಡೆ ಸದ್ದೇ ಇಲ್ಲ. ಸೆಕ್ರೆಟರಿಯ ಪಕ್ಕದಲ್ಲಿ ರೇಡಿಯೋ ಸರ್ ಎರಡೂ ಕೈಯಿಂದ ಬಾಯಿ ಒತ್ತಿಕೊಂಡು ಕೂತಿದ್ದ. ಅದನ್ನು ಕಂಡು ಅವಳ ಜೀವ ಅವನ ಕಡೆ ಎಳೆಯಿತು.

ಹುಡುಗಿಯರು ಗೆದ್ದರು. ಸೆಕ್ರೆಟರಿ ಎದ್ದು ಬಂದು ಅವಳ ಕೈ ಕುಲುಕಿದರು.

"ಬ್ಯಾಚು ನಿಮ್ಮದೇ ಮೇಡಂ, ಇನ್ನು ಆ ಮಾತೇ ಬೇಡ. ಈ ಸರ್ ಅಗತ್ಯಾನೂ ನಿಮಗಿಲ್ಲ ಬಿಡಿ. ಜಿಲ್ಲೆಯ ಆ ತುದೀಲಿ ಶಾಲೆಗಳಿಗೆ ಕ್ರಿಕೆಟ್ ತಗೊಂಡು ಹೋಗ್ಬೇಕು ಅಂತ ನೀವೇ ಎಷ್ಟು ವರ್ಷದಿಂದ ಕೇಳ್ತಿದ್ರಿ? ಇವರನ್ನ ಅಲ್ಲಿಗೆ ಕಳಿಸ್ತೀನಿ. ಅಲ್ಲೇ ಒಂದು ಮನೆ ಮಾಡ್ಕೊಂಡಿರ್ಲಿ."

ಅವಳು ಕೇಳಿದ್ದೆಲ್ಲ ಒಂದೇ ದಿನ ಕೈಗೆ ಬಂದಿತ್ತು. ಅವಳು ನಗಲು ನೋಡಿದಳು, ಆಗಲಿಲ್ಲ.

ಸಂಜೆ ಅಕ್ಕ ಕೇಳಿದಳು, "ಬ್ಯಾಚು ಉಳೀತೇನೇ?"

ಟಕ್.

"ಅಬ್ಬ! ಖುಷಿನಾ?"

ಉಗುರು ಫೋನಿನ ಮೇಲೆ ನಿಂತೇ ಇತ್ತು. ಒಂದೂ ಅಲ್ಲ, ಎರಡೂ ಅಲ್ಲ.

"ಲೈನ್ ಕಟ್ಟಾಯ್ತಾ? ಇದ್ದೀಯೇನೇ?" ಎಂದು ಅಕ್ಕ ಕೇಳುತ್ತಲೇ ಇದ್ದಳು.

*

ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, "ಗಂಟು ಕರಗಿದೆ. ಎಲ್ಲಿ, ಏನಾದ್ರೂ ಮಾತಾಡಿ," ಎಂದರು. ಏನು ಆಡುವುದು? "ಆಗ್ಲಿ ಡಾಕ್ಟ್ರೇ," ಎಂದಳು. ಬಂದದ್ದು ಅವಳ ದನಿಯಲ್ಲ. ಒಡಕು, ತೆಳು, ಯಾರೋ ಬೇರೆಯವರದು.

"ಇನ್ನು ಇಷ್ಟೇ. ಕೂಗೋದು ಯಾವತ್ತೂ ಬೇಡ. ಹತ್ತಿರ ಇರೋರಿಗೆ ಕೇಳಿಸಿದ್ರೆ ಸಾಲ್ದಾ?"

ಹತ್ತಿರ ಇರುವವರು. ಬಸ್ಸಿನುದ್ದಕ್ಕೂ ಅವಳು ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಅವನು ನಾಳೆ ಬೆಳಿಗ್ಗೆ ಹೊರಡುತ್ತಿದ್ದ. ಬ್ಯಾಚಿನ ಹೆಸರಲ್ಲಿ ಅವನನ್ನು ನಿಲ್ಲಿಸಿಕೊಳ್ಳುವ ಹಾಗಿಲ್ಲ, ಬ್ಯಾಚಿಗೆ ಅವನು ಬೇಕಿಲ್ಲ. ಕೆಲಸದ ಹೆಸರಲ್ಲಿ ತಡೆಯುವ ಹಾಗೂ ಇಲ್ಲ, ಆ ತುದಿಯ ಮಕ್ಕಳಿಗೆ ಅವನೇ ಬೇಕು. ಬೇಕಾಗಿದ್ದದ್ದು ಅವಳಿಗೆ ಮಾತ್ರ, ಅವಳ ಕೋಣೆಗೆ, ಅವಳ ಸಂಜೆಗಳಿಗೆ. ಮಕ್ಕಳಿಗಾಗಿ ಊರೆಲ್ಲ ಅಂಗಲಾಚಿದ್ದಳು, ತನಗಾಗಿ ಯಾರನ್ನೂ ಏನನ್ನೂ ಕೇಳಿದವಳಲ್ಲ.

ನೆಟ್ಸ್‌ನಲ್ಲಿ ಅವನೊಬ್ಬನೇ ಇದ್ದ. ಟೆನಿಸ್ ಚೆಂಡುಗಳನ್ನು ಚೀಲಕ್ಕೆ ತುಂಬುತ್ತ ಒಂದೊಂದಕ್ಕೂ ಏನೋ ಬುದ್ಧಿ ಹೇಳುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಡಾಕ್ಟ್ರು ಏನಂದ್ರು? ಫೋನ್ ತೆಗೀರಿ, ಬರೀರಿ ಬೇಗ."

ಅವಳು ಫೋನು ತೆಗೆಯಲಿಲ್ಲ. ಹತ್ತಿರ ಹೋದಳು, ಇನ್ನೂ ಹತ್ತಿರ.

"ಅಲ್ಲಿ ಮನೆ ಮಾಡ್ಬೇಡಿ."

ಅವನ ಕೈಯಿಂದ ಚೀಲ ಜಾರಿತು. ಚೆಂಡುಗಳು ಉರುಳಿಹೋದವು, ಇಬ್ಬರೂ ನೋಡಲಿಲ್ಲ. ಅವಳ ದನಿಯನ್ನು ಅವನು ಕೇಳುತ್ತಿದ್ದದ್ದು ಇದೇ ಮೊದಲು. ಅವಳಿಗೆ ನಾಚಿಕೆಯಾಯಿತು.

"ಗಂಟೆ ಒಡೆದಿದೆ," ಎಂದಳು. "ಇನ್ನು ಹೀಗೇ ಅಂತೆ."

ರೇಡಿಯೋ ಸರ್‌ಗೆ ಮಾತು ಸಿಗಲಿಲ್ಲ. ಕೊನೆಗೆ, "ಅಲ್ಲಿಂದ ಇಲ್ಲಿಗೆ ಎರಡು ಬಸ್ಸು ಬದಲಾಯಿಸ್ಬೇಕು. ಬರೋಷ್ಟರಲ್ಲಿ ಕತ್ತಲಾಗುತ್ತೆ," ಎಂದ.

"ಆಗ್ಲಿ. ಕಾಯ್ತೀನಿ."

"ದಿನಾನೂ?"

"ದಿನಾನೂ."

ಅವನ ಎಡಗಣ್ಣು ನಿಧಾನವಾಗಿ ಚಿಕ್ಕದಾಯಿತು, ಆಮೇಲೆ ಎರಡೂ ಕಣ್ಣು ಒದ್ದೆಯಾದವು.

"ಇಷ್ಟು ದಿನ ನಿಮ್ಮ ಮಾತೆಲ್ಲ ನಾನೇ ಹೇಳಿದ್ದೀನಿ, ಸೇರಿಸಿ ಬೇರೆ ಹೇಳಿದ್ದೀನಿ," ಎಂದ. "ಇದಕ್ಕೆ ಮಾತ್ರ ನಾನು ಏನೂ ಸೇರಿಸಲ್ಲ. ಯಾಕೆ ಬರ್ಬೇಕು ಅಂತ ನೀವೇ ಹೇಳಿ."

ಅವಳು ಒಂದು ಉಸಿರು ಎಳೆದುಕೊಂಡಳು.

"ಬ್ಯಾಚಿಗಲ್ಲ. ನಂಗೋಸ್ಕರ," ಎಂದಳು. ಡಾಕ್ಟರು ಹೇಳಿದಷ್ಟೇ ಮೆಲ್ಲಗೆ.