ಅರ್ಧ ಗಂಟೆಗೊಂದು ಸಾಲು

ಶಾಲೆಯ ಆಪ್ತ ಸಲಹೆಗಾರ್ತಿಯ ಹೆಣ ಮೆಟ್ಟಿಲ ಬುಡದಲ್ಲಿ ಬಿದ್ದಿತ್ತು. ಪಕ್ಕದಲ್ಲೇ ಹದಿಮೂರರ ಹುಡುಗಿಯೊಬ್ಬಳು ಆಕೆಯ ಕೈ ಹಿಡಿದು ಕುಳಿತಿದ್ದಳು. ಹುಡುಗಿಯ ತುಟಿಯ ಮೇಲೆ ರಕ್ತ.

“ಒಂದು ಗಂಟೆಗೆ ಹೆಣಾನ ಮೊದಲು ನಾನೇ ನೋಡಿದ್ದು ಮೇಡಂ,” ಎಂದ ಶಾಲೆಯ ಮುಖ್ಯಸ್ಥ, ಕತ್ತು ಒರೆಸಿಕೊಳ್ಳುತ್ತ. “ಕಚ್ಚಿ ತಳ್ಳಿದ್ದಾಳೆ. ಇವಳನ್ನ ನಾವು ಸಿಡಿಲು ಅಂತಲೇ ಕರೆಯೋದು. ಹೋದ ವರ್ಷ ಶಾಲೆಯಲ್ಲಿ ಒಂದು ಮಗುವಿನ ಸಾವು, ಈ ವರ್ಷ ಇದು. ಗೇಟಿನ ಹತ್ತಿರ ವ್ಯಾನ್ ಬಂದಿದೆ. ನೀವೊಂದು ಸಹಿ ಹಾಕಿದ್ರೆ ಸಾಕು, ಬೀಗ ಹಾಕಿಡೋ ಕಡೆಗೆ ಕಳಿಸಿಬಿಡ್ತೀವಿ.”

ಹೊಡೆಯುವ, ಕಚ್ಚುವ, ಕಾರಣವಿಲ್ಲದೆ ಅಳುವ, ವಾರಗಟ್ಟಲೆ ಮಾತು ಬಿಡುವ ಮಕ್ಕಳ ಶಾಲೆ ಅದು. ಬೇರೆ ಶಾಲೆಗಳು ಕೈಚೆಲ್ಲಿದ ಮೇಲೆ ಅಲ್ಲಿಗೆ ಬರುತ್ತಾರೆ.

ಇನ್ಸ್‌ಪೆಕ್ಟರ್ ಮಂಡಿಯೂರಿ ಕುಳಿತಳು. “ಏನಾಯ್ತು ಪುಟ್ಟಾ?”

ಹುಡುಗಿ ತುಟಿ ಬಿಗಿದುಕೊಂಡೇ ತಲೆ ಅಲ್ಲಾಡಿಸಿದಳು.

“ಬಾಯಿ ಬಿಡಲ್ಲ ಅವಳು. ಹಠ. ಅದೇ ಅವಳ ಕಾಯಿಲೆ,” ಎಂದಳು ಮೇಲ್ವಿಚಾರಕಿ. ಮಕ್ಕಳಿಂದ ಮುಖ್ಯಸ್ಥನವರೆಗೆ ಎಲ್ಲರಿಗೂ ಆಕೆ ದೊಡ್ಡಮ್ಮ. ಹತ್ತಿಯಂಥ ಮೆತ್ತನೆಯ ದನಿ.

“ಸಲಹೆಗಾರ್ತೀನ ನೀವು ಕೊನೇ ಸಲ ನೋಡಿದ್ದು?”

“ಬೆಳಿಗ್ಗೆ ಬಾಗಿಲು ತೆಗೆದಾಗ. ಆಮೇಲೆ ಅವರ ಮುಖಾನೇ ನೋಡ್ಲಿಲ್ಲ ನಾನು.”

ಕೇಳದೆಯೇ ದೊಡ್ಡಮ್ಮ ಸೊಂಟದ ಕೀಲಿಯಿಂದ ಬೀರು ತೆಗೆದು ಹುಡುಗಿಯ ಚಾರ್ಟ್ ಕೊಟ್ಟಳು. ಅರ್ಧ ಗಂಟೆಗೊಂದು ಸಾಲು. ಹತ್ತು: ಕಿರುಚಾಟ. ಹತ್ತೂವರೆ: ತಟ್ಟೆ ಎಸೆದಳು, ಶಾಂತಿ ಕೋಣೆಯಲ್ಲಿ ಕೂರಿಸಲಾಯಿತು. ಹನ್ನೊಂದು, ಹನ್ನೊಂದೂವರೆ, ಹನ್ನೆರಡು: ಬಾಗಿಲು ಬಡಿಯುತ್ತಿದ್ದಾಳೆ.

* * *

ಶಾಂತಿ ಕೋಣೆಗೆ ಕಿಟಕಿ ಇರಲಿಲ್ಲ. ಚಿಲಕ ಹೊರಗಡೆ. ಬಾಗಿಲ ಕೆಳಭಾಗದಲ್ಲಿ ಬಣ್ಣ ಕಿತ್ತುಹೋಗಿತ್ತು, ಒಂದು ಮಗುವಿನ ಎತ್ತರಕ್ಕೆ ಸರಿಯಾಗಿ.

ಇನ್ಸ್‌ಪೆಕ್ಟರ್ ಆ ಗುರುತು ಮುಟ್ಟಿದಳು. ಅವಳ ತಂಗಿಯನ್ನೂ ಮನೆಯವರು ಹೀಗೇ ಕೂಡಿಹಾಕುತ್ತಿದ್ದರು. ಒಳಗಿನಿಂದ ದಬದಬ ಸದ್ದು. ಅಕ್ಕನಾದವಳು ರೇಡಿಯೋ ಜೋರು ಮಾಡಿ ಪಾಠ ಓದುತ್ತಿದ್ದಳು. ತಂಗಿ ಹೋಗಿ ಇಪ್ಪತ್ತು ವರ್ಷವಾಯಿತು, ಆ ಸದ್ದು ಮಾತ್ರ ಹೋಗಿಲ್ಲ.

ಮುಖ್ಯಸ್ಥ ಹಿಂದೆಯೇ ಬಂದು ನಿಂತ. “ಈ ಕೋಣೆ ಮುಚ್ಚಿ ಅಂತ ಬೆಳಿಗ್ಗೆ ಸಲಹೆಗಾರ್ತಿ ನನ್ನ ಹತ್ರ ಜಗಳ ಆಡಿದ್ದು ನಿಜ. ಆದ್ರೆ ಹನ್ನೆರಡರಿಂದ ಒಂದರವರೆಗೆ ಐದು ಜನ ಪೋಷಕರ ಜೊತೆ ಇದ್ದೆ. ಬೇಕಾದ್ರೆ ಕೇಳಿ.”

ಕೇಳಿದ್ದಾಯಿತು. ಅವನು ಹೇಳಿದ್ದು ಸರಿಯಿತ್ತು.

ಅಷ್ಟರಲ್ಲಿ ಪೊಲೀಸ್ ವೈದ್ಯ ಕರೆದ. “ಕತ್ತು ಮುರಿದಿದೆ, ಹನ್ನೆರಡರ ಈಚೆಗೆ. ಕಚ್ಚಿದ ಗುರುತು ಎಲ್ಲೂ ಇಲ್ಲ.”

ಹಾಗಾದರೆ ಹುಡುಗಿಯ ತುಟಿಯ ರಕ್ತ ಯಾರದು?

* * *

ಸುದ್ದಿ ತಿಳಿದು ಹುಡುಗಿಯ ತಾಯಿ ಕೆಲಸದಿಂದ ಓಡಿಬಂದಳು.

“ಬೆಳಿಗ್ಗೆ ಹಲ್ಲು ಕೀಳಿಸಿದ್ದೆ ಮೇಡಂ! ಹತ್ತಿ ಕಚ್ಕೊಂಡಿರು, ಎರಡು ಗಂಟೆವರೆಗೂ ಬಾಯಿ ತೆಗೀಬೇಡ ಅಂತ ಡಾಕ್ಟ್ರು ಹೇಳಿದ್ರು.”

ಇನ್ಸ್‌ಪೆಕ್ಟರ್ ಚಾರ್ಟ್ ನೋಡಿದಳು. “ಶಾಲೆಗೆ ಎಷ್ಟು ಹೊತ್ತಿಗೆ ಬಿಟ್ರಿ?”

“ಹನ್ನೆರಡಕ್ಕೆ. ಸಲಹೆಗಾರ್ತಿ ಮೇಡಮ್ಮೇ ಬಾಗಿಲು ತೆಗೆದ್ರು. ಅವರ ಕೈಲಿ ಇದೇ ಚಾರ್ಟ್ ಇತ್ತು. ಇದನ್ನ ನೋಡಿದ್ರು, ಇವಳನ್ನ ನೋಡಿದ್ರು. ಮುಖ ಬಿಳುಚಿಕೊಂಡ್ತು. ಇದನ್ನ ಹಿಡ್ಕೊಂಡೇ ಮೇಲಕ್ಕೆ ಹೋದ್ರು.”

* * *

“ದೊಡ್ಡಮ್ಮ,” ಎಂದಳು ಇನ್ಸ್‌ಪೆಕ್ಟರ್, “ಹನ್ನೆರಡಕ್ಕೆ ಬಂದ ಹುಡುಗಿ ಹತ್ತಕ್ಕೆ ಹೇಗೆ ಕಿರುಚಿದಳು?”

ದೊಡ್ಡಮ್ಮ ಸೊಂಟದ ಕೀಲಿ ಹಿಡಿದುಕೊಂಡಳು.

“ಬೆಳಿಗ್ಗೆಯಿಂದ ಅವರ ಮುಖಾನೇ ನೋಡ್ಲಿಲ್ಲ ಅಂದ್ರಿ. ಹನ್ನೆರಡಕ್ಕೆ ಅವರ ಕೈಲಿದ್ದ ಚಾರ್ಟ್ ನಿಮ್ಮ ಬೀರುವಿಗೆ ಹೇಗೆ ಬಂತು? ಕೀಲಿ ನಿಮ್ಮೊಬ್ಬರ ಹತ್ರ ತಾನೇ ಇರೋದು? ಹುಡುಗಿ ತಡವಾಗಿ ಬಂದದ್ದು ಗೊತ್ತಿದ್ದವರು ಸತ್ತರು. ಹುಡುಗಿ ಮಾತು ಯಾರೂ ಲೆಕ್ಕಕ್ಕಿಡಲ್ಲ. ಆದ್ರೆ ಇವಳ ತಾಯಿಯೂ ಬಾಗಿಲವರೆಗೆ ಬಂದಿದ್ದು ನಿಮಗೆ ತಿಳೀಲಿಲ್ಲ.”

“ಊಟದವರೆಗಿನ ಸಾಲು ಬೆಳಿಗ್ಗೆಯೇ ಬರೆದು ಮೇಜಿನ ಮೇಲೆ ಇಟ್ಟುಬಿಡ್ತಿದ್ದೆ,” ಎಂದಳು ದೊಡ್ಡಮ್ಮ. ದನಿ ಇನ್ನೂ ಮೆತ್ತಗೇ ಇತ್ತು. “ದಿನಾ ಅದೇ ತಾನೇ ಮಾಡೋದು ಅವರು?”

“ಹೋದ ವರ್ಷದ ಮಗುವಿಗೂ?”

ಮುಖ್ಯಸ್ಥ ಹಳೆಯ ಕಡತ ತಂದು ಬಿಚ್ಚಿದ. ಆ ಮಗುವಿನ ಚಾರ್ಟೂ ‘ಬಾಗಿಲು ಬಡಿಯುತ್ತಿದ್ದಾಳೆ’ ಎಂದೇ ಹೇಳಿತ್ತು, ಹನ್ನೆರಡರವರೆಗೂ. ಊಟಕ್ಕೆ ಕರೆಯಲು ಹೋದಾಗ ಸಿಕ್ಕಿದ್ದು ಹೆಣ. ಇದ್ದಕ್ಕಿದ್ದಂತೆ ಬಂದ ಫಿಟ್ಸ್ ಎಂದು ಕಡತ ಮುಚ್ಚಿದ್ದರು.

“ಅವತ್ತು ನೀವು ಬಾಗಿಲ ಹತ್ತಿರ ಹೋಗಿಯೇ ಇರಲಿಲ್ಲ.”

“ಅದನ್ನೇ ಕೇಳಿದ್ರು ಅವರು. ಮೆಟ್ಟಿಲ ಮೇಲೆ ನಿಂತು, ಅದನ್ನೇ ಮತ್ತೆ ಮತ್ತೆ...” ದೊಡ್ಡಮ್ಮ ಕಿವಿ ಮುಚ್ಚಿಕೊಂಡಳು. “ತಳ್ಳಿಬಿಟ್ಟೆ.”

ಆ ಮಗು ಎಷ್ಟು ಹೊತ್ತು ಬಾಗಿಲು ಬಡಿದು ಸುಮ್ಮನಾಯಿತೋ, ಅದು ಇನ್ನು ಯಾರಿಗೂ ತಿಳಿಯುವ ಹಾಗಿಲ್ಲ.

* * *

ವ್ಯಾನ್ ಖಾಲಿಯಾಗಿ ಹಿಂದಿರುಗಿತು. ಎರಡು ಗಂಟೆಯಾದ ಮೇಲೆ ಹುಡುಗಿ ಹತ್ತಿ ಉಗಿದು ಬಾಯಿ ಮುಕ್ಕಳಿಸಿದಳು.

“ದೊಡ್ಡಮ್ಮ ತಳ್ಳಿದ್ದನ್ನ ನಾನು ನೋಡಿದೆ,” ಎಂದಳು.

“ಹತ್ತಿ ತೆಗೆದು ಆಗಲೇ ಹೇಳಬಾರದಿತ್ತಾ ಪುಟ್ಟಾ?”

“ಹೇಳಿದ್ರೆ ನಂಬ್ತಿದ್ರಾ?”

ಇನ್ಸ್‌ಪೆಕ್ಟರಿಗೆ ಹೌದು ಎನ್ನಬೇಕೆನಿಸಿತು. ನಾಲಿಗೆ ತುದಿಯವರೆಗೂ ಬಂತು.

“ಇಲ್ಲ,” ಎಂದಳು.