ಕಿಟಕಿಯಿಂದ ಚಾಚಿದ ಕೈ

ನಮ್ಮೂರ ಸ್ಟೇಷನ್ನಿನಲ್ಲಿ ಯಾಂಗೋನ್ ರೈಲು ನಿಂತಂತೆ ಮಾಡಿ ಹೊರಟುಬಿಡುತ್ತದೆ. ಹಾಗಾಗಿ ತರಕಾರಿ ಮಾರುವ ನಾವು ಬುಟ್ಟಿಯನ್ನೂ ಮಕ್ಕಳನ್ನೂ ಕಿಟಕಿಯಿಂದ ಒಳಗಿದ್ದವರ ಕೈಗೆ ಕೊಟ್ಟು, ಆಮೇಲೆ ಬಾಗಿಲಿಗೆ ಓಡುತ್ತೇವೆ.

ಆ ಬೆಳಿಗ್ಗೆ ಕೊನೆಯ ಬೋಗಿಯಲ್ಲಿ ನನ್ನ ಬುಟ್ಟಿ ಎಳೆದುಕೊಂಡ ಕೈ ಬಿರುಬೇಸಿಗೆಯಲ್ಲೂ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

"ಮಗೂನೂ ಕೊಡಮ್ಮ, ರೈಲು ಹೊರಡ್ತದೆ," ಎಂದಿತು ಹೆಂಗಸಿನ ದನಿ.

ಮಗನನ್ನು ಎತ್ತಿ ಹಿಡಿದೆ. ಆ ಕೈ ಅವನ ಎಡಗಾಲನ್ನು ಹಿಡಿದುಕೊಂಡಿತು. ಅಷ್ಟರಲ್ಲಿ ಓರಗಿತ್ತಿ ಮಾ ಪ್ಯೋನ್ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದಳು.

"ಖಾಲಿ ಬೋಗಿಯೊಳಕ್ಕೆ ಮಗು ಎಸೀತೀಯೇನೇ? ತಲೆ ನೆಟ್ಟಗಿದೆಯಾ ನಿಂಗೆ?"

ಹತ್ತಿ ನೋಡಿದರೆ ಒಳಗೆ ಯಾರೂ ಇರಲಿಲ್ಲ. ಬುಟ್ಟಿ ಸೀಟಿನ ಮೇಲಿತ್ತು. ಆಗಷ್ಟೇ ಕೊಯ್ದು ತಂದ ಸೊಪ್ಪು ಕೊಳೆತು ಕಪ್ಪಾಗಿತ್ತು.

ಮಗನಿಗೀಗ ಎಂಟು ವರ್ಷ. ನೆತ್ತಿ ಸುಡುವ ಬಿಸಿಲಲ್ಲಿ ಆಡಿ ಬಂದರೂ ಅವನ ಎಡಗಾಲು ಮಾತ್ರ ಬಿಸಿಯಾಗುವುದಿಲ್ಲ.