ಎಡಗಾಲಿನ ಬೂಟು

"ಅದನ್ನ ಗೋಡೆಯೊಳಗೇ ಬಿಟ್ಬಿಡಪ್ಪ," ಎಂದಳು ಪಕ್ಕದ ಬ್ರೆಡ್ಡಿನಂಗಡಿಯ ಹಿಲ್ಡಾ, ಹೊಸ್ತಿಲಾಚೆಯೇ ನಿಂತು.

ಡೆನ್ಜಿಲ್‌ನ ಕೈಯಲ್ಲಿ ಮಗುವಿನ ಎಡಗಾಲಿನ ಬೂಟೊಂದಿತ್ತು. ಕಪ್ಪಗೆ, ಒಣಗಿ ಸೆಟೆದು, ಅಂಗಡಿ ಗಾಜಿನ ಮೇಲಿನ ತೊಲೆಯ ಹಿಂದೆ ಸಿಕ್ಕಿದ್ದು. ಯಾವುದೋ ಕಾಲದಲ್ಲಿ ಮುಂಗೋಡೆ ಒಡೆದು ಕೂರಿಸಿದ್ದ ಆ ಗಾಜನ್ನು ಕಿತ್ತು, ಸಾಲುಮನೆಗೆ ಅದರ ಮೂಲ ಮುಖ ಕೊಡಲೆಂದೇ ಲಂಡನ್ನಿನಿಂದ ಬಂದು ಅದನ್ನು ಕೊಂಡಿದ್ದ ಮಹಾನುಭಾವ. ಟೆಂಟರ್ ಬೀದಿಯ ನಾವು ನೂರೈವತ್ತು ವರ್ಷ ನೋಡಿದ ಮುಖ ಅವನಿಗೆ ಹಿಡಿಸಲಿಲ್ಲ.

"ಗೋಡೆ ಒಡೆಯೋಕೆ ಅಂತ ಇಲ್ಲಿದ್ದ ವಿಧವೆನ ಬೀದಿಗೆ ಹಾಕಿದ್ರು. ಈ ಮನೇಲಿ ಓಡಾಡೋ ಕಾಲು ನಂದು ಅಂತ ಮಾಟ ಮಾಡಿಟ್ಟು ಹೋದ್ಲು. ಅದು ಮೊದ್ಲು ಮಕ್ಕಳ ಕಾಲೇ ಹುಡುಕೋದು. ಆಮೇಲೆ ಇಲ್ಲಿ ಬೂಟಂಗಡಿ ಇಟ್ಟವನು ತನ್ನ ಮಗಳು ಹಾಕಿ ಸವೆಸಿದ್ದನ್ನ ಅಲ್ಲಿಟ್ಟ. ಅದು ಬೂಟಿನೊಳಗೆ ಹೊಕ್ಕು ಸುಮ್ಮನಾಯ್ತು."

"ಮಗಳು?"

"ಎಂಬತ್ತು ವರ್ಷ ಬದುಕಿದ್ಲು. ಹೊಸ್ತಿಲು ಮಾತ್ರ ದಾಟ್ಲಿಲ್ಲ. ಇದನ್ನ ತೆಗೆದ್ರೆ ಈ ಮನೆಯವರು ಹಾಕ್ಕೊಂಡಿದ್ದೇ ಇನ್ನೊಂದು ಇಡ್ಬೇಕು."

ಡೆನ್ಜಿಲ್ ನಕ್ಕ. ಬೂಟನ್ನು ಮ್ಯೂಸಿಯಂಗೆ ಕಳಿಸಿದ. ಹಿಲ್ಡಾಳ ಬಾಯಿ ಮುಚ್ಚಿಸಲು, ಡಬ್ಬಿಯಿಂದ ಹೊಸ ಬೂಟೊಂದನ್ನು ತೆಗೆದು, ಬೆಲೆಚೀಟಿ ಸಮೇತ ತೊಲೆಯ ಹಿಂದೆ ತುರುಕಿದ. ಯಾವ ಕಾಲಿನ ಬೆವರೂ ಕಾಣದ ಬೂಟು. ನಮ್ಮಲ್ಲಿ ಗಾರೆ ಕಲಸುವವನೂ ಇಂಥ ತಪ್ಪು ಮಾಡುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಂಜು ಕವಿದು ಕೋಣೆ ಕಪ್ಪಾಯಿತು. ಮಸಿಯ ವಾಸನೆ, ಕೊಳೆತ ಚರ್ಮದ ವಾಸನೆ. ಗೋಡೆಯೊಳಗೆ ಟಕ್ ಎಂದಿತು. ಮತ್ತೆ ಟಕ್. ಒಂಟಿಕಾಲಿನ ಹೆಜ್ಜೆ. ಅದು ತೊಲೆಯ ತನಕ ಬಂದು ಮೂಸಿತು. ಆಮೇಲೆ ಕೆಳಗಿಳಿಯಿತು.

"ಅಪ್ಪಾ," ಎಂದಳು ಏಳು ವರ್ಷದ ಟ್ಯಾಮ್ಸಿನ್, "ನನ್ನ ಎಡಗಾಲು ಎಲ್ಲೋಯ್ತು?"

ಕಾಲು ಅಲ್ಲೇ ಇತ್ತು. ಬೂದಿಬಣ್ಣ. ಕಲ್ಲಿನಂತೆ ತಣ್ಣಗೆ. ಬಣ್ಣ ಹಿಮ್ಮಡಿ ದಾಟಿತು. ಮೊಣಕಾಲಿಗೆ ಬಂತು. ಹಿಡಿದು ಎಳೆದ. ಮಗು ನೆಲ ಬಿಟ್ಟೇಳಲಿಲ್ಲ.

"ಬೂಟು ಇಡೋ, ದಡ್ಡಾ," ಹಿಲ್ಡಾ ಬೀದಿಯಿಂದ ಕೂಗಿದಳು.

ಕೈಗೆ ಮೊದಲು ಸಿಕ್ಕಿದ್ದು ಮಗಳದೇ ಸವೆದ ಬೂಟು. ತೊಲೆಯತ್ತ ಚಾಚಿದ. ಹೊಸ್ತಿಲು ದಾಟದ ಆ ಹುಡುಗಿಯ ಎಂಬತ್ತು ವರ್ಷ ನೆನಪಾಯಿತು. ಅದನ್ನು ಬೀದಿಗೆಸೆದ. ತನ್ನ ಎಡಗಾಲಿನದನ್ನು ಕಿತ್ತ. ಬಿಸಿಯಿತ್ತು. ತುರುಕಿದ.

ಟಕ್.

ಮತ್ತೆ ಸದ್ದಿಲ್ಲ. ಮಗಳ ಕಾಲು ಕೆಂಪಗಾಯಿತು. ಅವಳು ಎದ್ದು ಓಡಿ ಹಿಲ್ಡಾಳ ತೆಕ್ಕೆಗೆ ಬಿದ್ದಳು. ಅವನೂ ಹಿಂದೆಯೇ ಓಡಿದ. ಹೊಸ್ತಿಲ ಬಳಿ ಎಡಗಾಲು ನಿಂತುಬಿಟ್ಟಿತು. ಅಂದು ನಾಲ್ಕು ಜನ ಸೇರಿ ಎಳೆದೆವು, ಕಾಲು ಅಲುಗಲಿಲ್ಲ. ಅವನ ಕಿರುಚಾಟ ಕೇಳಲಾರದೆ ಬಿಟ್ಟೆವು.

ಗಾಜು ಕೀಳಲು ಬಂದ ಕೆಲಸಗಾರರನ್ನು ಅವನೇ ಕೈಮುಗಿದು ವಾಪಸ್ಸು ಕಳಿಸಿದ. ಟ್ಯಾಮ್ಸಿನ್ ಈಗ ಅಜ್ಜಿಯ ಮನೆಯಲ್ಲಿದ್ದಾಳೆ. ವರ್ಷಕ್ಕೊಮ್ಮೆ ಬಂದು ಅಂಗಡಿ ಗಾಜಿನ ಮುಂದೆ ನಿಂತು, ಎಡಗಾಲೆತ್ತಿ ಹೊಸ ಬೂಟು ತೋರಿಸುತ್ತಾಳೆ. ಹೋದ ಸಲಕ್ಕಿಂತ ದೊಡ್ಡದು. ಅವನು ಒಳಗಿನಿಂದ ಗಾಜಿಗೆ ಅಂಗೈ ಒತ್ತಿ ಅಳತೆ ನೋಡುತ್ತಾನೆ. ಅವಳು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರೂ ಸಾಕು, ಬೈದು ಓಡಿಸುತ್ತಾನೆ.